ಗುಂಡು ಹಾರಿಸದಿರುವುದೂ ತರಬೇತಿಯ ಭಾಗವಾಗಬೇಕು: ವಿಶೇಷ ಪಡೆಗಳ ಸೈನಿಕರು ಮತ್ತು ಕಾಳಗದಲ್ಲಿನ ನೈತಿಕ ನಿರ್ಧಾರ

ಚರ್ಚೆಯ ಆರಂಭ: ನಿವೃತ್ತ ತರಬೇತುದಾರ

ಎಲ್ಲರಿಗೂ ನಮಸ್ಕಾರ. ಸೈನಿಕರಿಗೆ ಹತ್ತಿರದ ಕಾಳಗವನ್ನು, ಅಂದರೆ ಕಟ್ಟಡದೊಳಗೆ ನುಗ್ಗಿ ಕೋಣೆ ಕೋಣೆಯನ್ನೂ ಶೋಧಿಸುವ ಕೆಲಸವನ್ನು, ಬಹಳ ವರ್ಷ ಕಲಿಸಿದವನು ನಾನು. ವಿಶೇಷ ಪಡೆಗಳಿಗೆ ಆಯ್ಕೆಯಾದವರಿಗೆ ಯುದ್ಧದ ನೀತಿಯನ್ನು ಸಾಮಾನ್ಯವಾಗಿ ಹೇಳಿಕೊಡುವ ಕ್ರಮ ಸರಿಯಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಯುದ್ಧದಲ್ಲಿ ಗಾಯಾಳು, ಸೆರೆಯಾಳು, ನಾಗರಿಕರನ್ನು ರಕ್ಷಿಸುವ ಜಿನೀವಾ ಒಪ್ಪಂದಗಳ ಪಾಠ ತರಗತಿಯಲ್ಲಿ ನಡೆಯುತ್ತದೆ, ಬಂದೂಕಿನ ಪಾಠ ಮೈದಾನದಲ್ಲಿ ನಡೆಯುತ್ತದೆ, ಮತ್ತು ಇವೆರಡೂ ಒಬ್ಬನೇ ಸೈನಿಕನಲ್ಲಿ ಒಂದೇ ಹೊತ್ತಿಗೆ ಕೂಡಿಬರುವ ಸಂದರ್ಭವನ್ನು ಯಾರೂ ಏರ್ಪಡಿಸುವುದಿಲ್ಲ. ತರಗತಿಯ ಪರೀಕ್ಷೆಯಲ್ಲಿ ಎಲ್ಲರೂ ಪಾಸಾಗುತ್ತಾರೆ.

ತಿಳಿವಳಿಕೆಯ ಕೊರತೆಯೇ ಕಾರಣ ಎನ್ನುವವರು ಒಂದು ಪ್ರಕರಣವನ್ನು ಗಮನಿಸಬೇಕು. 2011ರ ಸೆಪ್ಟೆಂಬರಿನಲ್ಲಿ ಅಫ್ಘಾನಿಸ್ತಾನದ ಹೆಲ್ಮಂಡ್ ಪ್ರಾಂತ್ಯದಲ್ಲಿ ಬ್ರಿಟನ್ನಿನ ರಾಯಲ್ ಮರೀನ್ ಪಡೆಯ ಸಾರ್ಜೆಂಟ್ ಒಬ್ಬರು, ತೀವ್ರವಾಗಿ ಗಾಯಗೊಂಡು ನೆಲಕ್ಕೆ ಬಿದ್ದಿದ್ದ ಶತ್ರುವಿನ ಎದೆಗೆ ಗುಂಡು ಹೊಡೆದರು. ಜೊತೆಗಾರನೊಬ್ಬನ ಹೆಲ್ಮೆಟ್ಟಿನಲ್ಲಿದ್ದ ಕ್ಯಾಮೆರಾ ಅದನ್ನೆಲ್ಲ ದಾಖಲಿಸಿತು. ತಾನು ಈಗಷ್ಟೇ ಜಿನೀವಾ ಒಪ್ಪಂದವನ್ನು ಮುರಿದೆನೆಂದೂ, ಈ ವಿಷಯ ಇಲ್ಲಿಂದ ಆಚೆ ಹೋಗಕೂಡದೆಂದೂ ಅವರು ಹೇಳುವುದು ಅದರಲ್ಲಿ ಕೇಳಿಸುತ್ತದೆ. 2013ರಲ್ಲಿ ಕೊಲೆಯ ಆರೋಪ ಸಾಬೀತಾಯಿತು. ಆ ಹೊತ್ತಿನಲ್ಲಿ ಅವರ ಮನಃಸ್ಥಿತಿ ಕುಸಿದಿತ್ತೆಂಬುದನ್ನು ಒಪ್ಪಿ 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಕೊಲೆಯಲ್ಲದ ನರಹತ್ಯೆ ಎಂದು ಬದಲಿಸಿತು. ನಿಯಮ ಅವರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದು ಕೈಯನ್ನು ತಡೆಯಲಿಲ್ಲ.

ಆದ್ದರಿಂದ ನಾನು ಮುಂದಿಡುವ ವಾದವಿದು: ನೈತಿಕ ನಿರ್ಧಾರವನ್ನು ಗುರಿಕಾರಿಕೆಯ ಜೊತೆಯಲ್ಲೇ, ಅದೇ ಮೈದಾನದಲ್ಲಿ, ಅದೇ ದಣಿವಿನಲ್ಲಿ ಕಲಿಸಬೇಕು. ಒಂದು ಉದಾಹರಣೆ ಕೊಡುತ್ತೇನೆ. ತರಬೇತಿಯ ಮೊದಲ ವಾರಗಳಲ್ಲಿ ಗುರಿಗಳಾಗಿ ನಿಲ್ಲಿಸುವ ಚಿತ್ರಗಳೆಲ್ಲ ಬಂದೂಕು ಹಿಡಿದವರದ್ದೇ ಆಗಿದ್ದರೆ, ಬಾಗಿಲಾಚೆ ಮನುಷ್ಯನ ಆಕಾರ ಕಂಡರೆ ಹೊಡೆಯಬೇಕು ಎಂದು ಬೆರಳು ಕಲಿತುಬಿಡುತ್ತದೆ. ಅದನ್ನು ಆಮೇಲೆ ಮರೆಸುವುದು ಬಹಳ ಕಷ್ಟ. ಹಾಗಾಗಿ ಮೊದಲ ದಿನದಿಂದಲೇ ಗುರಿಗಳ ನಡುವೆ ನಿರಾಯುಧರನ್ನು ಬೆರೆಸಬೇಕು, ಮುಂದಿನ ಹಂತದಲ್ಲಿ ಚಿತ್ರಗಳ ಬದಲು ಪಾತ್ರ ವಹಿಸುವ ಮನುಷ್ಯರನ್ನೇ ನಿಲ್ಲಿಸಿ ಬಣ್ಣದ ಗುಂಡುಗಳಿಂದ ಅಭ್ಯಾಸ ಮಾಡಿಸಬೇಕು. ಕತ್ತಲ ಕೋಣೆ, ಬಾಗಿಲು ಒಡೆದ ಸದ್ದು, ಹಾಸಿಗೆಯಿಂದ ದಡಕ್ಕನೆ ಎದ್ದ ಒಬ್ಬಾತ, ಅವನ ಬಲಗೈಯಲ್ಲಿ ಏನೋ ಕಪ್ಪು ವಸ್ತು. ಚೆನ್ನಾಗಿ ಕಲಿತ ಅಭ್ಯರ್ಥಿ ಮುಖ ನೋಡುವುದಿಲ್ಲ, ಕೈ ನೋಡುತ್ತಾನೆ. ಅವನ ತೋರುಬೆರಳು ಟ್ರಿಗರಿನ ಹೊರಗೆ ಚಾಚಿಕೊಂಡೇ ಇರುತ್ತದೆ, ನಳಿಗೆ ಒಂದಿಷ್ಟು ಕೆಳಗಿಳಿದು ಎದುರಿನವನ ಕೈ ಪೂರ್ತಿ ಕಾಣುವಂತಾಗುತ್ತದೆ, ಅವನು ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದು ಗೋಡೆಯ ಮರೆ ಪಡೆಯುತ್ತಾ ಗಟ್ಟಿಯಾಗಿ ಕೂಗುತ್ತಾನೆ. ಆ ಅರ್ಧ ಹೆಜ್ಜೆ ಅವನಿಗೆ ನೋಡುವಷ್ಟು ಸಮಯ ಕೊಡುತ್ತದೆ. ಕಪ್ಪು ವಸ್ತು ಟಾರ್ಚು ಎಂದು ತಿಳಿಯುವುದು ಆ ಸಮಯದಲ್ಲೇ. ಅಭ್ಯಾಸ ಮುಗಿದ ಮೇಲೆ ತರಬೇತುದಾರ ಕೇಳಬೇಕಾದ ಮೊದಲ ಪ್ರಶ್ನೆ "ಏನು ಮಾಡಿದೆ?" ಎಂಬುದಾಗಬಾರದು; "ಏನು ಕಂಡೆ?" ಎಂದು ಕೇಳಬೇಕು. ಕಂಡದ್ದನ್ನು ಹೇಳಲಾರದವನು, ಅವನ ಗುಂಡು ಸರಿಯಾದವನಿಗೇ ತಗುಲಿದ್ದರೂ, ಆ ಅಭ್ಯಾಸದಲ್ಲಿ ಅನುತ್ತೀರ್ಣನೇ.

ಇದರ ಬಗ್ಗೆ ಅನುಭವವಿರುವವರು, ಭಿನ್ನಾಭಿಪ್ರಾಯವಿರುವವರು ಬರೆಯಬೇಕೆಂದು ಕೋರುತ್ತೇನೆ.

ಯುದ್ಧ ಕಾನೂನಿನ ಅಧ್ಯಾಪಕಿ

ಸರ್, ನಿಮ್ಮ ಅಭ್ಯಾಸಕ್ರಮವನ್ನು ನಾನು ಒಪ್ಪುತ್ತೇನೆ, ಆದರೆ ಕಾನೂನಿನ ಪಾಠವನ್ನು ಇಷ್ಟು ಹಗುರವಾಗಿ ಬದಿಗಿಡುವುದನ್ನು ಒಪ್ಪಲಾರೆ. ರೆಡ್ ಕ್ರಾಸ್ ಅಂತರರಾಷ್ಟ್ರೀಯ ಸಮಿತಿ ಇದೇ ಪ್ರಶ್ನೆಯನ್ನು ಎರಡು ಬಾರಿ ಅಧ್ಯಯನ ಮಾಡಿಸಿದೆ. 2004ರ ಅಧ್ಯಯನವು, ಸೈನಿಕರ ಮನಸ್ಸಿನ ಮೌಲ್ಯಗಳನ್ನು ಬದಲಿಸುವ ಪ್ರಯತ್ನಕ್ಕಿಂತ ಸ್ಪಷ್ಟ ನಿಯಮ, ಖಚಿತ ಆದೇಶ ಮತ್ತು ತಪ್ಪಿದರೆ ನಿಶ್ಚಿತ ಶಿಕ್ಷೆ ಇವೇ ಹೆಚ್ಚು ಪರಿಣಾಮಕಾರಿ ಎಂದು ಹೇಳಿತು. 2018ರ ಅಧ್ಯಯನ ಅದನ್ನು ತಿದ್ದಿತು: ನಿಯಮದ ಬಲ ದೊಡ್ಡದೇ, ಆದರೆ "ನಮ್ಮಂಥ ಸೈನಿಕರು ಇಂಥದ್ದನ್ನು ಮಾಡುವುದಿಲ್ಲ" ಎಂಬ ಭಾವನೆ ಸೈನಿಕನ ಗುರುತಿನ ಭಾಗವಾದಾಗ ಆ ಸಂಯಮ ಹೆಚ್ಚು ಕಾಲ ಉಳಿಯುತ್ತದೆ ಎಂದಿತು. ಎರಡನೆಯದು ಮೊದಲನೆಯದನ್ನು ಅಳಿಸಿಹಾಕಲಿಲ್ಲ ಎಂಬುದನ್ನು ಗಮನಿಸಬೇಕು.

ಕಾನೂನು ಕೊಡುವ ದೊಡ್ಡ ಸಹಾಯವೆಂದರೆ, ದಣಿದ ಮನಸ್ಸು ಹೊಸದಾಗಿ ಯೋಚಿಸಬೇಕಾಗಿಲ್ಲದಂತೆ ಕೆಲವು ಗೆರೆಗಳನ್ನು ಮೊದಲೇ ಎಳೆದಿಡುವುದು. ಶರಣಾದವನನ್ನು, ಗಾಯಗೊಂಡು ಹೋರಾಡಲಾರದವನನ್ನು ಕೊಲ್ಲುವಂತಿಲ್ಲ. ಇದರಲ್ಲಿ ತೂಗಿ ನೋಡುವುದೇನೂ ಇಲ್ಲ. ಗಾಯಾಳುಗಳಲ್ಲಿ ಯಾರಿಗೆ ಮೊದಲು ಚಿಕಿತ್ಸೆ ಎಂಬುದನ್ನು ವೈದ್ಯಕೀಯ ತುರ್ತು ಮಾತ್ರ ನಿರ್ಧರಿಸಬೇಕೆಂದು 1949ರ ಮೊದಲ ಜಿನೀವಾ ಒಪ್ಪಂದದ 12ನೇ ವಿಧಿ ಹೇಳುತ್ತದೆ. ಆತ ನಮ್ಮವನೋ ಶತ್ರುವೋ ಎಂಬ ಪ್ರಶ್ನೆ ಅಲ್ಲಿ ಬರುವುದೇ ಇಲ್ಲ. ಮೇಲಿನವರ ಆದೇಶವಿತ್ತು ಎಂಬುದು ಹೊಣೆಯಿಂದ ಬಿಡಿಸುವುದಿಲ್ಲವೆಂದು, ಎರಡನೆಯ ಮಹಾಯುದ್ಧದ ನಂತರ ನಾಜಿ ನಾಯಕರ ಮೇಲೆ ನಡೆದ ನ್ಯೂರೆಂಬರ್ಗ್ ವಿಚಾರಣೆಗಳ ಕಾಲದಿಂದಲೂ ಸ್ಥಾಪಿತವಾಗಿದೆ. ಇನ್ನೊಂದೆಡೆ ಕಾನೂನು ಸೈನಿಕನನ್ನು ಕಾಪಾಡುತ್ತದೆ ಕೂಡ. 1948ರಲ್ಲಿ, ಯುದ್ಧದಲ್ಲಿ ಹಿಮ್ಮೆಟ್ಟುವಾಗ ಉತ್ತರ ನಾರ್ವೆಯ ಊರುಗಳನ್ನು ಸುಡಿಸಿದ್ದ ಜರ್ಮನ್ ಜನರಲ್ ರೆಂಡ್ಯುಲಿಕ್ ಅವರ ಪ್ರಕರಣದಲ್ಲಿ ನ್ಯಾಯಮಂಡಳಿಯು, ಆ ಕ್ಷಣದಲ್ಲಿ ಅವರಿಗೆ ಲಭ್ಯವಿದ್ದ ಮಾಹಿತಿಯ ಆಧಾರದ ಮೇಲೆ ನಿರ್ಧಾರ ಪ್ರಾಮಾಣಿಕವಾಗಿತ್ತೇ ಎಂದು ನೋಡಿತೇ ಹೊರತು, ನಂತರ ತಿಳಿದುಬಂದದ್ದರಿಂದ ಅಳೆಯಲಿಲ್ಲ. ನೀವು ಹೇಳಿದ "ಏನು ಕಂಡೆ?" ಎಂಬ ಪ್ರಶ್ನೆ ಕಾನೂನಿನ ಪ್ರಶ್ನೆಯೂ ಹೌದು.

ಮಾಜಿ ಕಮಾಂಡೊ

ಇಬ್ಬರ ಮಾತನ್ನೂ ಗೌರವದಿಂದ ಓದಿದೆ. ಆದರೆ ಶತ್ರು ಪ್ರದೇಶದ ಒಳಗೆ ನಾಲ್ಕೈದು ಜನರ ತಂಡವಾಗಿ ಹೋಗುವವರ ಪಾಡನ್ನು ಇಲ್ಲಿ ಯಾರಾದರೂ ಹೇಳಲೇಬೇಕು. 2005ರ ಜೂನ್ ತಿಂಗಳಲ್ಲಿ ಅಫ್ಘಾನಿಸ್ತಾನದ ಕುನಾರ್ ಪ್ರಾಂತ್ಯದಲ್ಲಿ ಅಮೆರಿಕದ ನೌಕಾಪಡೆಯ ನಾಲ್ವರು ಸೀಲ್ ಕಮಾಂಡೊಗಳ ಅಡಗುತಾಣಕ್ಕೆ ಕುರಿ ಮೇಯಿಸುವವರು ಬಂದುಬಿಟ್ಟರು. ನಿರಾಯುಧರೆಂದು ಅವರನ್ನು ಹೋಗಗೊಡಲಾಯಿತು. ಕೆಲವೇ ಗಂಟೆಗಳಲ್ಲಿ ತಂಡದ ಮೇಲೆ ದಾಳಿಯಾಗಿ ನಾಲ್ವರಲ್ಲಿ ಮೂವರು ಸತ್ತರು. ನೆರವಿಗೆ ಬಂದ ಹೆಲಿಕಾಪ್ಟರನ್ನು ಹೊಡೆದುರುಳಿಸಿದ್ದರಿಂದ ಅದರಲ್ಲಿದ್ದ 16 ಮಂದಿಯೂ ಸತ್ತರು. ಸರಿಯಾದ ನಿರ್ಧಾರಕ್ಕೆ ಅಂಥ ಬೆಲೆಯಿದೆ ಎಂಬುದನ್ನು ತರಬೇತಿಯಲ್ಲಿ ಮುಚ್ಚಿಟ್ಟರೆ ಸೈನಿಕರು ನಿಮ್ಮ ಪಾಠವನ್ನು ನಂಬುವುದಿಲ್ಲ. ಹಿಂಜರಿಕೆಯಿಂದ ಸಾಯುವವರು ತರಬೇತುದಾರರಲ್ಲ, ನಾವು.

ನಿವೃತ್ತ ತರಬೇತುದಾರ

ನಿಮ್ಮ ಮಾತಿನಲ್ಲಿರುವ ನೋವು ನನಗೆ ಅರ್ಥವಾಗುತ್ತದೆ, ಆ ಬೆಲೆಯನ್ನು ಮುಚ್ಚಿಡಬಾರದೆಂಬುದನ್ನು ಪೂರ್ತಿ ಒಪ್ಪುತ್ತೇನೆ. ಅದರ ಪಕ್ಕದಲ್ಲೇ ಇನ್ನೊಂದು ಘಟನೆಯನ್ನು ಇಟ್ಟು ನೋಡೋಣ. 1991ರ ಫೆಬ್ರುವರಿಯಲ್ಲಿ ಗಲ್ಫ್ ಯುದ್ಧದ ವೇಳೆ ಇರಾಕಿನೊಳಗೆ ಅಡಗಿದ್ದ ಅಮೆರಿಕದ ವಿಶೇಷ ಪಡೆಯ ಸಣ್ಣ ತಂಡವೊಂದು ಮಕ್ಕಳ ಕಣ್ಣಿಗೆ ಬಿದ್ದಿತು. ತಂಡ ಗುಂಡು ಹಾರಿಸಲಿಲ್ಲ. ಸುದ್ದಿ ಹರಡಿ ಇರಾಕಿ ಸೈನಿಕರು ಸುತ್ತುವರಿದರು, ಗಂಟೆಗಟ್ಟಲೆ ಕಾಳಗ ನಡೆಯಿತು, ಯುದ್ಧವಿಮಾನಗಳ ನೆರವಿನಿಂದ ತಂಡ ತಡೆದು ನಿಂತಿತು, ಎಲ್ಲರೂ ಜೀವಂತವಾಗಿ ಹಿಂದಿರುಗಿದರು. ಒಂದು ಕಡೆ ದುರಂತ, ಇನ್ನೊಂದು ಕಡೆ ಪಾರು; ಮಾಡಿದ ನಿರ್ಧಾರ ಒಂದೇ. ಹಾಗಾಗಿ ಫಲಿತಾಂಶವನ್ನು ನೋಡಿ ನಿರ್ಧಾರ ಸರಿಯೋ ತಪ್ಪೋ ಎಂದು ತೀರ್ಮಾನಿಸುವ ಅಭ್ಯಾಸವನ್ನು ಮೊದಲು ಬಿಡಬೇಕು.

ಈ ಎರಡೂ ಘಟನೆಗಳನ್ನು ನಾನು ಅಭ್ಯರ್ಥಿಗಳ ಮುಂದಿಟ್ಟಾಗ, ಅವರು ತಕ್ಷಣ "ಕೊಲ್ಲಬೇಕೋ, ಬಿಡಬೇಕೋ" ಎಂಬ ವಾದಕ್ಕೆ ಇಳಿಯುತ್ತಿದ್ದರು. ಆಗ ನಾನು ನಕ್ಷೆ ಹರಡಿ, ಹೊರಡುವ ಮುನ್ನಿನ ಸಂಜೆಗೆ ಅವರನ್ನು ಕರೆದೊಯ್ಯುತ್ತಿದ್ದೆ. ಅಡಗುತಾಣದ ಬಳಿ ಮೇವು, ನೀರು, ಕಾಲುದಾರಿ ಇವೆಯೇ? ಯಾರಾದರೂ ಕಂಡರೆ ಅವರನ್ನು ತಡೆದಿಟ್ಟುಕೊಳ್ಳಲು ಕಟ್ಟುಪಟ್ಟಿ, ಆಹಾರ, ಜನ ಇದ್ದಾರೆಯೇ? ಎಷ್ಟು ಹೊತ್ತು ತಡೆದಿಡುವುದು, ಬಿಟ್ಟ ಮೇಲೆ ಯಾವ ದಿಕ್ಕಿಗೆ ಜಾಗ ಬದಲಿಸುವುದು? ರೇಡಿಯೊ ಸಿಗದಿದ್ದರೆ ಏನು? ಯಾವ ಸ್ಥಿತಿಯಲ್ಲಿ ಕಾರ್ಯಾಚರಣೆಯನ್ನೇ ಕೈಬಿಟ್ಟು ಹಿಂದಿರುಗುವ ಅಧಿಕಾರ ತಂಡದ ನಾಯಕನಿಗಿದೆ, ಮತ್ತು ಹಾಗೆ ಹಿಂದಿರುಗಿದವನನ್ನು ಮೇಲಿನವರು ಹೇಗೆ ನಡೆಸಿಕೊಳ್ಳುತ್ತಾರೆ? ಈ ಕೊನೆಯ ಪ್ರಶ್ನೆಗೆ ಹಿರಿಯ ಅಧಿಕಾರಿಗಳು ಮುಂಚೆಯೇ ಬಾಯಿಬಿಟ್ಟು ಉತ್ತರ ಕೊಟ್ಟಿರಬೇಕು. ಕುರಿಗಾಹಿ ಎದುರಿಗೆ ನಿಂತಾಗ ಎರಡೇ ದಾರಿ ಕಾಣುವುದು, ಉಳಿದ ದಾರಿಗಳ ಬಗ್ಗೆ ಹಿಂದಿನ ಸಂಜೆ ಯಾರೂ ಯೋಚಿಸದಿದ್ದಾಗ.

ಸೇನಾ ಮನೋವೈದ್ಯ

ನನ್ನ ಕ್ಷೇತ್ರದ ಕೆಲವು ಸಂಗತಿಗಳನ್ನು ಸೇರಿಸುತ್ತೇನೆ. 2006ರಲ್ಲಿ ಇರಾಕಿನಲ್ಲಿದ್ದ ಅಮೆರಿಕದ ಪಡೆಗಳ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಮೊದಲ ಬಾರಿಗೆ ನೈತಿಕತೆಯ ಪ್ರಶ್ನೆಗಳನ್ನೂ ಕೇಳಲಾಯಿತು. ನಾಗರಿಕರನ್ನು ಘನತೆಯಿಂದ, ಗೌರವದಿಂದ ನಡೆಸಿಕೊಳ್ಳಬೇಕೆಂದು ಒಪ್ಪಿದವರು ಭೂಸೇನೆಯಲ್ಲಿ ಶೇ. 47, ಮರೀನ್ ಪಡೆಯಲ್ಲಿ ಶೇ. 38 ಮಾತ್ರ. ಸುಮಾರು ಹತ್ತರಲ್ಲಿ ಒಬ್ಬರು ನಾಗರಿಕರೊಡನೆ ತಾವೇ ಕೆಟ್ಟದಾಗಿ ನಡೆದುಕೊಂಡದ್ದುಂಟು ಎಂದರು. ಹೆಚ್ಚು ಕಾಳಗ ಕಂಡವರಲ್ಲಿ, ಹೆಚ್ಚು ಸಿಟ್ಟು ತುಂಬಿದವರಲ್ಲಿ, ಜೊತೆಗಾರರನ್ನು ಕಳೆದುಕೊಂಡವರಲ್ಲಿ ಈ ಪ್ರವೃತ್ತಿ ಹೆಚ್ಚಿತ್ತು. ಅದಾದ ಮೇಲೆ ಇರಾಕಿನಲ್ಲೇ ಒಂದು ಬ್ರಿಗೇಡಿನಲ್ಲಿ ಕಾಳಗದ ನೈತಿಕತೆಯ ತರಬೇತಿ ನಡೆಯಿತು. 2011ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಅದರ ಮೌಲ್ಯಮಾಪನ ಪ್ರಕಟವಾಯಿತು. ಹೊರಗಿನಿಂದ ಬಂದ ಉಪನ್ಯಾಸಕರ ಬದಲು ಆಯಾ ತಂಡದ ನಾಯಕರೇ ತಮ್ಮ ಸೈನಿಕರನ್ನು ಕೂರಿಸಿಕೊಂಡು, ಚಲನಚಿತ್ರಗಳ ಸಣ್ಣ ದೃಶ್ಯಗಳನ್ನು ತೋರಿಸಿ ಚರ್ಚಿಸಿದರು. ತರಬೇತಿಯ ನಂತರ ದುರ್ನಡತೆ ಕಡಿಮೆಯಾಯಿತು, ತಪ್ಪು ಕಂಡರೆ ವರದಿ ಮಾಡುತ್ತೇವೆ ಎನ್ನುವವರ ಪ್ರಮಾಣ ಹೆಚ್ಚಿತು. ಮಾತನಾಡಿದವರು ಯಾರು ಎಂಬುದೇ ಇಲ್ಲಿ ಮುಖ್ಯವಾಯಿತೆಂದು ನನಗನಿಸುತ್ತದೆ: ನಾಳೆ ಗಸ್ತಿನಲ್ಲಿ ಜೊತೆಗಿರುವ ನಾಯಕನೇ ಇಂದು ಗೆರೆ ಎಳೆದು ತೋರಿಸಿದ.

ನಿದ್ದೆಯ ಮಾತನ್ನೂ ಹೇಳಬೇಕು. ನಿದ್ದೆಗೆಟ್ಟ ಸೇನಾ ಅಧಿಕಾರಿಗಳ ಬಗ್ಗೆ ನಾರ್ವೆಯಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ನಿದ್ದೆ ಕಡಿಮೆಯಾದಂತೆ ತತ್ವವನ್ನು ಆಧರಿಸಿ ಯೋಚಿಸುವ ಸಾಮರ್ಥ್ಯ ಕುಗ್ಗಿ, ಸಿದ್ಧ ನಿಯಮಕ್ಕೆ ಜೋತುಬೀಳುವುದು ಹೆಚ್ಚುತ್ತದೆ. ಅಧ್ಯಾಪಕಿಯವರು ಹೇಳಿದ "ಮೊದಲೇ ಎಳೆದಿಟ್ಟ ಗೆರೆ"ಗೆ ಇದಕ್ಕಿಂತ ಒಳ್ಳೆಯ ಸಮರ್ಥನೆ ಬೇಕಿಲ್ಲ. ಮೂರು ರಾತ್ರಿ ಮಲಗದವನಿಂದ ಸೂಕ್ಷ್ಮ ವಿವೇಚನೆಯನ್ನು ನಿರೀಕ್ಷಿಸುವ ಯೋಜನೆಯೇ ನೈತಿಕವಾಗಿ ಸಡಿಲವಾದದ್ದು. ಅದರ ಹೊಣೆ ಯೋಜಿಸಿದ ಅಧಿಕಾರಿಯದ್ದು. ಮತ್ತು ಕಮಾಂಡೊ ಮಿತ್ರರಿಗೆ ಒಂದು ಮಾತು: ತನ್ನ ಅಂತಃಸಾಕ್ಷಿಗೆ ವಿರುದ್ಧವಾದದ್ದನ್ನು ಮಾಡಿದ, ಇಲ್ಲವೇ ತಡೆಯದೆ ನೋಡುತ್ತಾ ನಿಂತ ಸೈನಿಕರು ಬಹಳ ವರ್ಷಗಳ ನಂತರವೂ ಅನುಭವಿಸುವ ಪಾಪಪ್ರಜ್ಞೆಯನ್ನು ನಾವು ನೈತಿಕ ಗಾಯವೆಂದು ಗುರುತಿಸುತ್ತೇವೆ. ಈ ತರಬೇತಿ ನಾಗರಿಕರನ್ನಷ್ಟೇ ಕಾಯುವುದಿಲ್ಲ, ನಿಮ್ಮವರನ್ನೂ ಕಾಯುತ್ತದೆ.

ಮಾಜಿ ಕಮಾಂಡೊ

ವೈದ್ಯರೇ, ಆ ಕೊನೆಯ ಮಾತು ನಿಜ. ಅದನ್ನು ಅನುಭವಿಸುತ್ತಿರುವವರನ್ನು ನಾನು ಬಲ್ಲೆ.

ಈಗ ನಾನೇ ಚರ್ಚೆಯನ್ನು ಇನ್ನೊಂದು ಕಡೆಗೆ ಎಳೆಯುತ್ತೇನೆ, ಏಕೆಂದರೆ ನಾವೆಲ್ಲ ಕ್ಷಣಾರ್ಧದ ನಿರ್ಧಾರದ ಬಗ್ಗೆಯೇ ಹೆಚ್ಚು ಮಾತನಾಡುತ್ತಿದ್ದೇವೆ. ಅಫ್ಘಾನಿಸ್ತಾನದಲ್ಲಿದ್ದ ಆಸ್ಟ್ರೇಲಿಯಾದ ವಿಶೇಷ ಪಡೆಗಳ ಮೇಲಿನ ಬ್ರೆರೆಟನ್ ವರದಿ 2020ರ ನವೆಂಬರಿನಲ್ಲಿ ಹೊರಬಂತು. ಅಲ್ಲಿ 39 ಮಂದಿಯ ಕಾನೂನುಬಾಹಿರ ಹತ್ಯೆಯ ಬಗ್ಗೆ ನಂಬಲರ್ಹ ಮಾಹಿತಿ ಇದೆಯೆಂದು ವರದಿ ಹೇಳಿತು, ಮತ್ತು ಅವುಗಳಲ್ಲಿ ಯಾವುದೂ ಕಾಳಗದ ಬಿಸಿಯಲ್ಲಿ, ಒತ್ತಡದಲ್ಲಿ ತೆಗೆದುಕೊಂಡ ವಿವಾದಾಸ್ಪದ ನಿರ್ಧಾರವಲ್ಲ ಎಂದೂ ಸ್ಪಷ್ಟಪಡಿಸಿತು. ಹೊಸದಾಗಿ ಬಂದ ಸೈನಿಕನಿಂದ ಮೊದಲ "ಬಲಿ" ಪಡೆಯಲೆಂದು ಸೆರೆಯಾಳನ್ನು ಕೊಲ್ಲಿಸುವುದು, ಸತ್ತವನ ಪಕ್ಕದಲ್ಲಿ ಆಯುಧವನ್ನೋ ರೇಡಿಯೊವನ್ನೋ ಇಟ್ಟು ಫೋಟೊ ತೆಗೆಯುವುದು, ಇವುಗಳ ವಿವರ ಅದರಲ್ಲಿದೆ. ಮೊದಲೇ ತಂದಿಟ್ಟುಕೊಂಡ ರೇಡಿಯೊ ಎಂದರೆ ಮೊದಲೇ ಮಾಡಿದ ನಿರ್ಧಾರ. ಟಾರ್ಚು ಹಿಡಿದವನನ್ನು ಗುರುತಿಸುವ ಅಭ್ಯಾಸವನ್ನು ಸಾವಿರ ಸಲ ಮಾಡಿಸಿದರೂ ಇದನ್ನು ತಡೆಯಲಾಗದು, ಸರ್. ಆ ತಂಡಗಳ ಗುರಿಕಾರಿಕೆಯಲ್ಲಿ ಕೊರತೆಯಿರಲಿಲ್ಲ. ನಾಯಕನೊಬ್ಬನೇ ಎಲ್ಲಕ್ಕೂ ಕೊನೆಯ ಮಾತಾಗಿದ್ದ, ಉಳಿದವರು ಬಾಯಿ ಮುಚ್ಚಿಕೊಂಡಿದ್ದರು.

1993ರಲ್ಲಿ ಸೊಮಾಲಿಯಾದಲ್ಲಿ ಕೆನಡಾದ ಏರ್‌ಬೋರ್ನ್ ರೆಜಿಮೆಂಟಿನ ಸೈನಿಕರು 16 ವರ್ಷದ ಹುಡುಗನೊಬ್ಬನನ್ನು ಸೆರೆಯಲ್ಲಿಟ್ಟು ಹೊಡೆದು ಕೊಂದಾಗಲೂ ಶಿಬಿರದಲ್ಲಿದ್ದ ಹಲವರಿಗೆ ಅವನ ಕೂಗು ಕೇಳಿಸಿತ್ತು. ಯಾರೂ ಎದ್ದು ಹೋಗಲಿಲ್ಲ. 1995ರಲ್ಲಿ ಆ ರೆಜಿಮೆಂಟನ್ನೇ ವಿಸರ್ಜಿಸಲಾಯಿತು.

ಸಂಶೋಧನಾ ವಿದ್ಯಾರ್ಥಿ

ಹಿರಿಯರ ಚರ್ಚೆಯ ನಡುವೆ ಒಂದು ಪ್ರಶ್ನೆ ಕೇಳಲೇ? ಹಾಗಿದ್ದರೆ ತಪ್ಪು ಮಾಡುವವನಿಗಿಂತ, ಪಕ್ಕದಲ್ಲಿ ನಿಂತು ನೋಡುವವನಿಗೆ ತರಬೇತಿ ಕೊಡುವುದು ಹೆಚ್ಚು ಫಲಕಾರಿಯಲ್ಲವೇ? 1968ರ ಮಾರ್ಚ್ 16ರಂದು ವಿಯೆಟ್ನಾಮಿನ ಮೈಲಾಯ್‌ನಲ್ಲಿ ಹಳ್ಳಿಗರ ಸಾಮೂಹಿಕ ಹತ್ಯೆ ನಡೆಯುತ್ತಿದ್ದಾಗ ಅಮೆರಿಕದ ಹೆಲಿಕಾಪ್ಟರ್ ಚಾಲಕ ಹ್ಯೂ ಥಾಂಪ್ಸನ್ ತಮ್ಮದೇ ಸೈನಿಕರಿಗೂ ಹಳ್ಳಿಗರಿಗೂ ನಡುವೆ ಹೆಲಿಕಾಪ್ಟರ್ ಇಳಿಸಿ, ಅವರು ಹಳ್ಳಿಗರ ಮೇಲೆ ಗುಂಡು ಹಾರಿಸಿದರೆ ನೀವು ಅವರ ಮೇಲೆ ಹಾರಿಸಿ ಎಂದು ತಮ್ಮ ಇಬ್ಬರು ಸಹಾಯಕರಿಗೆ ಹೇಳಿದ್ದರೆಂದು ಓದಿದ್ದೇನೆ. ಅವರಿಗೆ ಸೈನಿಕ ಪದಕ ಸಿಕ್ಕಿದ್ದು 1998ರಲ್ಲಿ, 30 ವರ್ಷ ಕಳೆದ ಮೇಲೆ. ಅಂಥ ಧೈರ್ಯವನ್ನು ಕಲಿಸಲು ಸಾಧ್ಯವೇ, ಅಥವಾ ಅದು ಹುಟ್ಟಿನಿಂದ ಬಂದದ್ದೇ?

ಯುದ್ಧ ಕಾನೂನಿನ ಅಧ್ಯಾಪಕಿ

ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ಥಾಂಪ್ಸನ್ ಅವರ ವಿಷಯದಲ್ಲಿ ಒಂದು ಅಂಶ ನೆನಪಿಡಬೇಕು: ಅವರು ಆ ಪದಾತಿ ತಂಡದವರಲ್ಲ, ಮೇಲಿನಿಂದ ನೋಡುತ್ತಿದ್ದವರು. ತಂಡದೊಳಗೇ ಇದ್ದುಕೊಂಡು ವಿರೋಧಿಸುವುದು ಇನ್ನೂ ಕಠಿಣ. ಸಣ್ಣ ತಂಡದಲ್ಲಿ ಪ್ರಾಣಕ್ಕೆ ಪ್ರಾಣ ಕೊಡುವ ನಿಷ್ಠೆಯಿರುತ್ತದೆ, ಆ ನಿಷ್ಠೆಯಿಲ್ಲದೆ ವಿಶೇಷ ಪಡೆ ಕೆಲಸ ಮಾಡಲಾರದು, ಆದರೆ ಅದೇ ನಿಷ್ಠೆ ಅಪರಾಧವನ್ನು ಮುಚ್ಚಿಡಲೂ ಬಳಕೆಯಾಗುತ್ತದೆ. ಆದ್ದರಿಂದ ದೂರನ್ನು ಆ ತಂಡದ ಅಧಿಕಾರ ಸರಪಳಿಯ ಹೊರಗಿರುವವರ ಬಳಿ ಒಯ್ಯುವ ದಾರಿ ಇರಬೇಕು, ದೂರು ಕೊಟ್ಟವನ ಮುಂದಿನ ನೇಮಕಾತಿ ಅದೇ ನಾಯಕನ ಕೈಯಲ್ಲಿ ಇರಬಾರದು. ಈ ರಕ್ಷಣೆಯಿಲ್ಲದೆ ಧೈರ್ಯದ ಪಾಠ ಹೇಳುವುದು ಕಿರಿಯ ಸೈನಿಕನಿಗೆ ಮಾಡುವ ಅನ್ಯಾಯ.

ನಿವೃತ್ತ ತರಬೇತುದಾರ

ಕಮಾಂಡೊ ಮಿತ್ರರ ಆಕ್ಷೇಪ ಬಲವಾದದ್ದು. ನನ್ನ ಮೊದಲ ಬರಹದ ಕೋಣೆ ಶೋಧದ ಅಭ್ಯಾಸ ಕ್ಷಣಾರ್ಧದ ನಿರ್ಧಾರಕ್ಕೆ ಮಾತ್ರ ಸಾಕಾಗುತ್ತದೆ. ಸೆರೆಯಾಳಿನ ವಿಷಯಕ್ಕೆ ಬೇರೆ ಅಭ್ಯಾಸ ಬೇಕು, ಅದನ್ನು ಕಟ್ಟುವುದು ಸಾಧ್ಯವಿದೆ. ವಿದ್ಯಾರ್ಥಿಯ ಪ್ರಶ್ನೆಗೂ ಅದೇ ನನ್ನ ಉತ್ತರ.

ಅಭ್ಯಾಸದ ಎರಡನೆಯ ರಾತ್ರಿಯ ಕೊನೆಗೆ ತಂಡ ದಣಿದಿರುತ್ತದೆ. ಅಣಕು ಕಾಳಗದಲ್ಲಿ ತಂಡದ ಅಚ್ಚುಮೆಚ್ಚಿನ ಜೊತೆಗಾರನೊಬ್ಬ "ಸತ್ತ"ನೆಂದು ಘೋಷಿಸಿ ಅವನನ್ನು ಸ್ಟ್ರೆಚರಿನಲ್ಲಿ ಸಾಗಿಸಲಾಗಿರುತ್ತದೆ. ಅವನನ್ನು ಹೊಡೆದವನ ಪಾತ್ರಧಾರಿ ಈಗ ಕೈಕಟ್ಟಿ ಕುಳಿತ ಸೆರೆಯಾಳು, ಅವನಿಗೆ ಕೆಣಕಿ ಮಾತನಾಡಲು ಹೇಳಿಕೊಡಲಾಗಿದೆ. ತಂಡದ ನಾಯಕನಿಗೆ ಗುಟ್ಟಾಗಿ ಕೊಟ್ಟ ಸೂಚನೆಯೆಂದರೆ, ಮೊದಲು ಸೆರೆಯಾಳಿನ ಕೈಕಟ್ಟನ್ನು ನೋವಾಗುವಷ್ಟು ಬಿಗಿಯಲು ಹೇಳುವುದು, ಆಮೇಲೆ ನೀರು ಕೊಡಬೇಡ ಎನ್ನುವುದು, ಆಮೇಲೆ ಇನ್ನಷ್ಟು ಮುಂದಕ್ಕೆ ಹೋಗುವುದು. ಇಲ್ಲಿ ಪರೀಕ್ಷೆಗೊಳಗಾಗುವವರು ಉಳಿದವರು. ಮೊದಲ ಆದೇಶಕ್ಕೇ "ಬೇಡ ಸರ್, ಇವನನ್ನು ನಾನು ನೋಡಿಕೊಳ್ಳುತ್ತೇನೆ, ನೀವು ಆಚೆ ಬನ್ನಿ" ಎನ್ನುವವರು ಬಹಳ ವಿರಳ. ಹೆಚ್ಚಿನವರು ಮುಖ ತಿರುಗಿಸಿ ತಮ್ಮ ಚೀಲದ ಪಟ್ಟಿ ಸರಿಮಾಡತೊಡಗುತ್ತಾರೆ. ಅಲ್ಲಿಗೆ ಅಭ್ಯಾಸ ನಿಲ್ಲಿಸಿ, ಆ ಪಟ್ಟಿ ಸರಿಮಾಡಿದ ಕ್ಷಣದ ಬಗ್ಗೆಯೇ ಮಾತನಾಡಬೇಕು, ಯಾರನ್ನೂ ಅವಮಾನಿಸದೆ. ಆಮೇಲೆ ಅದೇ ಸನ್ನಿವೇಶವನ್ನು ಮತ್ತೆ ಮಾಡಿಸಬೇಕು. ಎರಡನೆಯ ಸಲ ಯಾರಾದರೊಬ್ಬರ ಬಾಯಿಂದ ಆ ಮಾತು ಹೊರಡುತ್ತದೆ. ಮೂರನೆಯ ಸಲ ಇನ್ನೊಬ್ಬ ಅದಕ್ಕೆ ದನಿಗೂಡಿಸುತ್ತಾನೆ. ಥಾಂಪ್ಸನ್ ಅವರ ಧೈರ್ಯ ಎಲ್ಲರಿಗೂ ಬರಲಾರದು, ಆದರೆ ಹೇಳಬೇಕಾದ ಮಾತನ್ನು ಮೊದಲೇ ಒಮ್ಮೆ ಗಟ್ಟಿಯಾಗಿ ಆಡಿದವನಿಗೆ ಅದನ್ನು ಮತ್ತೆ ಆಡುವುದು ಸುಲಭವಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮಾಜಿ ಕಮಾಂಡೊ

ಇದನ್ನು ಒಪ್ಪುತ್ತೇನೆ, ಒಂದು ಷರತ್ತಿನೊಂದಿಗೆ. ಈ ಅಭ್ಯಾಸವನ್ನು ಕಿರಿಯರಿಗೆ ಮಾತ್ರ ಮಾಡಿಸಿ ನಿಲ್ಲಿಸಬಾರದು. ಹತ್ತು ಬಾರಿ ಯುದ್ಧಭೂಮಿಗೆ ಹೋಗಿಬಂದ ತಂಡನಾಯಕನೂ ಅದೇ ಸ್ಥಾನದಲ್ಲಿ ನಿಲ್ಲಬೇಕು, ಅವನಿಗಿಂತ ಕಿರಿಯನೊಬ್ಬ "ಬೇಡ ಸರ್" ಎನ್ನಬೇಕು, ಅವನು ಅದನ್ನು ಕೇಳಿ ಹಿಂದೆ ಸರಿಯುವುದನ್ನು ಇಡೀ ತಂಡ ನೋಡಬೇಕು. ಅಮೆರಿಕದ ವಿಶೇಷ ಕಾರ್ಯಾಚರಣೆ ಕಮಾಂಡ್ 2020ರಲ್ಲಿ ಪ್ರಕಟಿಸಿದ ಸ್ವವಿಮರ್ಶೆಯಲ್ಲಿ, ಕಾರ್ಯಾಚರಣೆಯ ಯಶಸ್ಸಿನ ಮೇಲಿನ ಅತಿಯಾದ ಒತ್ತು ನಾಯಕತ್ವ, ಶಿಸ್ತು ಮತ್ತು ಹೊಣೆಗಾರಿಕೆಗಳನ್ನು ಹಿಂದಕ್ಕೆ ತಳ್ಳಿದೆಯೆಂದು ಬರೆದುಕೊಂಡರು. ಒಂದರ ಹಿಂದೆ ಒಂದರಂತೆ ಕಾರ್ಯಾಚರಣೆಗೆ ಕಳಿಸುತ್ತಾ ಹೋದರೆ ಇಂಥ ಅಭ್ಯಾಸಕ್ಕೆ ಬಿಡುವೇ ಸಿಗುವುದಿಲ್ಲ.

ನಿವೃತ್ತ ತರಬೇತುದಾರ

ಷರತ್ತು ನ್ಯಾಯವಾದದ್ದು. ಅದಕ್ಕೆ ಪೂರಕವಾಗಿ, ಅಂಕಪಟ್ಟಿಯಲ್ಲಿ ಒಂದು ಬದಲಾವಣೆಯನ್ನು ಸೂಚಿಸಿ ನನ್ನ ಮಾತು ಮುಗಿಸುತ್ತೇನೆ. ಈಜು, ಓಟ, ಹೊರೆ ಹೊತ್ತು ನಡೆಯುವುದು, ಗುರಿಕಾರಿಕೆ ಇವುಗಳಲ್ಲಿ ಒಂದರಲ್ಲಿ ಕಡಿಮೆ ಬಿದ್ದ ಅಂಕವನ್ನು ಇನ್ನೊಂದರಿಂದ ತುಂಬಿಕೊಳ್ಳುವ ಅವಕಾಶವನ್ನು ಕೆಲವು ಕಡೆ ಕೊಡುತ್ತಾರೆ. ಸೆರೆಯಾಳಿನ ಅಭ್ಯಾಸದ ಅಂಕವನ್ನು ಹಾಗೆ ಬೇರೆ ಯಾವುದರಿಂದಲೂ ತುಂಬಿಕೊಳ್ಳಲು ಬಿಡಬಾರದು. ಅದರಲ್ಲಿ ಮತ್ತೆ ಮತ್ತೆ ವಿಫಲನಾದವನು ತಂಡದ ಅತ್ಯುತ್ತಮ ಗುರಿಕಾರನಾಗಿದ್ದರೂ ಅವನನ್ನು ಹಿಂದಕ್ಕೆ ಕಳಿಸಬೇಕು, ಮತ್ತು ಕಾರಣವನ್ನು ಅವನ ಕಡತದಲ್ಲಿ ಸ್ಪಷ್ಟವಾಗಿ ಬರೆಯಬೇಕು.